ಕೀಬೋರ್ಡಿಗೆ ಹೊದಿಸಿದ ಟವೆಲ್

ಸಾಫ್ಟ್‌ವೇರ್‌ನಲ್ಲಿ ತಪ್ಪಿಲ್ಲ ಎಂದರೆ ತಪ್ಪು ತಹಸೀನಳದಾಗುತ್ತದೆ. ತಪ್ಪಿದೆ ಎಂದರೆ ತಾನು ಹೇಳಿದ್ದು ಸುಳ್ಳಾಗುತ್ತದೆ. ಮೂರನೆಯ ಉತ್ತರವೊಂದು ಇರಲೇಬೇಕಲ್ಲ? ಇದ್ದರೆ ಇಷ್ಟು ದಿನ ಅದೆಲ್ಲಿ ಅಡಗಿ ಕೂತಿದೆ? ಅಥವಾ ಅಂಥದ್ದೇನೂ ಇಲ್ಲದೆ, ಆ ಹುಡುಗಿಯ ಮೇಲಿನ ಮರುಕಕ್ಕೆ ತಾನೇ ಅದನ್ನು ಹುಟ್ಟಿಸಿಕೊಳ್ಳುತ್ತಿದ್ದಾನೋ?

ಗಿಲ್ಲೆಸುಗೂರಿನ ಬಸ್ಸು ರಾಯಚೂರು ಮುಟ್ಟುವವರೆಗೆ ಚನ್ನವೀರ ಇದೇ ಎರಡು ಮಾತುಗಳ ನಡುವೆ ಓಡಾಡಿದ. ತೊಡೆಯ ಮೇಲೆ ಬ್ಯಾಗಿತ್ತು. ಬ್ಯಾಗಿನೊಳಗೆ ಲ್ಯಾಪ್‌ಟಾಪು, ಅದಕ್ಕೆ ಸುತ್ತಿದ ಕೆಂಪಂಚಿನ ಹಳೇ ಟವೆಲ್ಲು. ಸಾವ್ಕಾರ ಈರಯ್ಯನವರಿಗೆ ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಈರಯ್ಯನವರು ಹತ್ತಿ ಖರೀದಿದಾರರು. ರಾಯಚೂರಿನ ಮಾರುಕಟ್ಟೆಯಲ್ಲಿ ದೊಡ್ಡ ಅಂಗಡಿ, ದೇವದುರ್ಗದಲ್ಲೊಂದು, ಮಾನ್ವಿಯಲ್ಲೊಂದು. ಹಿಂದೆ ಹತ್ತಿಯ ರಾಶಿಯ ಮುಂದೆ ನಿಂತು ಕೂಗುತ್ತಿದ್ದ ದರವನ್ನು ಈಗ ಆನ್‌ಲೈನ್ ಟೆಂಡರಿನಲ್ಲಿ ತುಂಬಬೇಕು. ಯಾರು ಎಷ್ಟು ತುಂಬಿದರೆಂದು ಹೊತ್ತು ಮುಗಿಯುವವರೆಗೆ ಯಾರಿಗೂ ತಿಳಿಯಬಾರದು. ಆದರೆ ಹೋದ ವರ್ಷ ಈರಯ್ಯನವರು ಮನಸ್ಸಿಟ್ಟ ರಾಶಿಗಳೆಲ್ಲ ಬೇರೆಯವರ ಪಾಲಾಗತೊಡಗಿದವು. ಅದೂ ಕೂದಲೆಳೆಯಷ್ಟು ಹೆಚ್ಚಿನ ದರಕ್ಕೆ. ಮೂರೂ ಅಂಗಡಿಗಳ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಚನ್ನವೀರ ಒಂದು ದಿನ ಕಾರಣ ಹಿಡಿದ. ಯಾರೋ ಕಳಿಸಿದ್ದ ಹತ್ತಿ ದರದ ಫೈಲಿನ ಜೊತೆಗೆ ಮೂರೂ ಕಡೆ ಒಂದು ಕೀಲಾಗರ್ ಒಳಹೊಕ್ಕಿತ್ತು. ಕೀಬೋರ್ಡಿನ ಮೇಲೆ ಒತ್ತಿದ ಒಂದೊಂದು ಅಕ್ಷರವನ್ನೂ ಒಂದೊಂದು ಅಂಕಿಯನ್ನೂ ಕದ್ದು ಬರೆದುಕೊಂಡು, ಸದ್ದಿಲ್ಲದೆ ಹೊರಗೆ ಕಳಿಸುವ ಪ್ರೋಗ್ರಾಂ ಅದು. ಕಳಿಸಿದವರು ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ.

"ಹೋದದ್ದು ಹೋತು. ಮತ್ತ ಬರದಂಗ ಏನರ ಮಾಡು" ಎಂದಿದ್ದರು ಸಾವ್ಕಾರರು.

ಚನ್ನವೀರನಿಗೆ ಇಂಥ ಕೆಲಸವೆಂದರೆ ಜೀವ. ಕಂಪ್ಯೂಟರ್ ಪದವಿ ಮುಗಿಸಿದವನು, ಮಾತು ಕಡಿಮೆ. ಅಂಗಡಿಗೆ ದಿನಾ ಚಹಾಕ್ಕೆ ಬರುವ ದಲಾಲಿ ವೆಂಕಣ್ಣ ಅವನಿಗೆ ಮೌನಸ್ವಾಮಿ ಎಂದೇ ಹೆಸರಿಟ್ಟಿದ್ದ. ಹತ್ತಿಯ ಸ್ಯಾಂಪಲ್ ಗಂಟುಗಳಿಟ್ಟ ಹಿಂದಿನ ಕೋಣೆಯಲ್ಲಿ ಚನ್ನವೀರ ಒಂದು ಹಳೇ ಕಂಪ್ಯೂಟರಿಗೆ ತಾನೇ ಕೀಲಾಗರ್ ಹಾಕಿದ. ಕಳ್ಳನನ್ನು ಮನೆಯೊಳಗೆ ಕೂಡಿಸಿಕೊಂಡೇ ಬೀಗಗಳನ್ನು ಪರೀಕ್ಷಿಸಿದ ಹಾಗೆ. ಸುರಕ್ಷಿತ ಬ್ರೌಸರು ಎಂದು ಹೇಳಿಕೊಳ್ಳುವ ಮೂರು ಸಾಫ್ಟ್‌ವೇರ್‌ಗಳನ್ನು ಒಂದಾದ ಮೇಲೊಂದು ಅದರ ಎದುರಿಗೆ ನಿಲ್ಲಿಸಿದ.

ಮೊದಲನೆಯದು ಗುರುತಿನ ಕಳ್ಳರನ್ನಷ್ಟೇ ಹಿಡಿಯಿತು. ಹೆಸರು ಬದಲಿಸಿಕೊಂಡು ಬಂದ ಕಳ್ಳನಿಗೆ ಬಾಗಿಲು ತೆರೆದು ನಿಂತಿತು. ಎರಡನೆಯದು ಪರದೆಯ ಮೇಲೆ ಒಂದು ಕೀಬೋರ್ಡಿನ ಚಿತ್ರ ತೋರಿಸಿ, ಮೌಸಿನಿಂದ ಒತ್ತಿರಿ ಎಂದಿತು. ಒತ್ತಿದಾಗಲೆಲ್ಲ ಕಳ್ಳ ಪರದೆಯ ಫೋಟೋ ತೆಗೆದುಕೊಂಡ. ಮೂರನೆಯದನ್ನು ಹಾಕಿ ಚನ್ನವೀರ ಈರಯ್ಯನವರ ಹೆಸರು ಟೈಪ್ ಮಾಡಿದ. ಬ್ರೌಸರಿನಲ್ಲಿ ಹೆಸರು ನೆಟ್ಟಗೆ ಮೂಡಿತು. ಕಳ್ಳ ಬರೆದುಕೊಂಡದ್ದನ್ನು ತೆಗೆದು ನೋಡಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಪರದೆಯ ಫೋಟೋ ತೆಗೆಸಿದರೆ ಬರೀ ಕಪ್ಪು. ಬೆರಳು ಕೀಲಿಯನ್ನು ಮುಟ್ಟಿದ ಕ್ಷಣದಿಂದಲೇ ಅಕ್ಷರವನ್ನು ಗೂಢಲಿಪಿಗೆ ತಿರುಗಿಸಿ, ಬ್ರೌಸರಿನ ಹೊಸ್ತಿಲು ದಾಟಿದ ಮೇಲಷ್ಟೇ ಅದು ಬಿಚ್ಚುತ್ತಿತ್ತು. ನಡುದಾರಿಯಲ್ಲಿ ಕಿವಿಗೊಟ್ಟು ಕೂತವನಿಗೆ ಸುಳ್ಳು ಅಕ್ಷರಗಳನ್ನು ಕೈತುಂಬ ಕೊಟ್ಟು ಕಳಿಸುತ್ತಿತ್ತು.

ಚನ್ನವೀರ ಬಹಳ ಹೊತ್ತು ಆ ಗೊಂದಲದ ಅಕ್ಷರಗಳನ್ನೇ ನೋಡುತ್ತ ಕೂತ. ಇದನ್ನು ಮಾಡಿದವರು ಯಾರೋ, ಯಾವ ಊರಿನವರೋ. ಮಾತನ್ನು ಹೇಗೆ ಮುಚ್ಚಬೇಕೆಂದು ಬಲ್ಲವರು. ಸುಮ್ಮನಿರುವುದು ಬೇರೆ, ಕೇಳುವವನ ಎದುರಿಗೇ ಮಾತಾಡಿ ಏನೂ ತಿಳಿಯದಂತೆ ಮಾಡುವುದು ಬೇರೆ. ಅದು ದೊಡ್ಡ ವಿದ್ಯೆ ಎನ್ನಿಸಿತು ಅವನಿಗೆ.

ದೇವದುರ್ಗದ ಅಂಗಡಿಯಲ್ಲಿ ಅದನ್ನು ಹಾಕಲು ಹೋದಾಗ ಅಲ್ಲಿನ ಗುಮಾಸ್ತ ಅಂಬರೇಶ ಹೌಹಾರಿದ. ಅವನು ರೈತರ ಹೆಸರುಗಳನ್ನು ಕನ್ನಡದಲ್ಲಿ ತುಂಬುವವನು. ಕನ್ನಡ ಮೂಡಿಸುವ ಪ್ರೋಗ್ರಾಮೂ ಕೀಲಿಗೂ ಪರದೆಗೂ ನಡುವೆ ಕೂತೇ ಕೆಲಸ ಮಾಡಬೇಕಾದ್ದರಿಂದ, ಹೊಸ ಸಾಫ್ಟ್‌ವೇರ್ ಅದನ್ನೂ ತಡೆದು ನಿಲ್ಲಿಸಿತ್ತು.

"ಏನ್ರಿ ಇದು, ನನ್ನ ಕನ್ನಡಾನೂ ಕಳ್ಳ ಅಂತದಲ್ರಿ!"

"ಅದಕ್ಕ ಯಾರ ಮುಖಾನೂ ಗೊತ್ತಿಲ್ಲಪ, ಎಲ್ಲಾರನ್ನೂ ತಡೀತದ. ಹೆಸರು ಹೊರಗ ಬರ್ಕೋ. ದರ ಮಾತ್ರ ಇದರಾಗ ತುಂಬು."

"ದೊಡ್ಡ ಕಾವಲುಗಾರ ಬಂದ ಬಿಡ್ರಿ" ಎಂದು ನಕ್ಕಿದ್ದ ಅಂಬರೇಶ.

ಈ ಕೊರತೆಯನ್ನೂ ಸೇರಿಸಿ ಚನ್ನವೀರ ಎಲ್ಲವನ್ನೂ ಸಾವ್ಕಾರರ ಮುಂದೆ ಒಪ್ಪಿಸಿದ. ಕಳ್ಳನಿಗೆ ಸಿಕ್ಕ ಅಕ್ಷರಗಳನ್ನು ತೋರಿಸಿದ. ಈರಯ್ಯನವರು ಕನ್ನಡಕ ಏರಿಸಿ ನೋಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಒಮ್ಮೆಲೇ ಅವರ ಮುಖ ಅರಳಿತು.

"ಅಂದ್ರ ಟವೆಲ್ ಹೊಚ್ಚಿದಂಗ ಅನ್ನು!"

ಅವರ ಪ್ರಾಯದಲ್ಲಿ ವ್ಯಾಪಾರವೆಂದರೆ ಟವೆಲ್ಲಿನ ಕೆಳಗೆ. ಕೊಡುವವನು, ಕೊಳ್ಳುವವನು ಕೈ ಕೈ ಹಿಡಿಯುವುದು, ಮೇಲೆ ಟವೆಲ್ ಹೊದಿಸುವುದು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜ ಅಮುಕಿದರೆ ಐದು; ಸಾವಿರಕ್ಕೊಮ್ಮೆ, ನೂರಕ್ಕೊಮ್ಮೆ, ಹತ್ತಕ್ಕೊಮ್ಮೆ. ಸುತ್ತ ಜನ ಜಾತ್ರೆಯಂತೆ ನೆರೆದಿದ್ದರೂ ದರ ಎರಡೇ ಕೈಗಳಿಗೆ ಗೊತ್ತು. ಆ ಕಾಲ ಹೋದರೂ ಈರಯ್ಯನವರಿಗೆ ಬೆರಳು ಹಿಡಿಯದೆ ದರ ಹೊಳೆಯುತ್ತಿರಲಿಲ್ಲ. ರಾಶಿಯಲ್ಲಿ ಕೈಯಾಡಿಸಿ ಬಂದು, ಹತ್ತಿಯ ಎಳೆ ಎಳೆದು ನೋಡಿ, ಗಾದಿಯ ಮೇಲೆ ಕೂತು, ತೊಡೆಯ ಮೇಲೆ ಟವೆಲ್ ಹರಡಿ, ಅದರ ಕೆಳಗೆ ತಮ್ಮ ಎಡಗೈ ಬೆರಳುಗಳನ್ನು ಬಲಗೈಯಿಂದ ಹಿಡಿಯುತ್ತಿದ್ದರು. ತಮ್ಮೊಂದಿಗೆ ತಾವೇ ಚೌಕಾಸಿ. ಆಮೇಲೆ ಸಣ್ಣ ಪಾಟಿಯ ಮೇಲೆ ಬಳಪದಲ್ಲಿ ದರ ಬರೆದು ರಾಯಚೂರು ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುವ ತಹಸೀನಳ ಕಡೆ ತಿರುಗಿಸುತ್ತಿದ್ದರು. ಅವಳು ಟೈಪ್ ಮಾಡಿ, ಪಾಟಿ ಒರೆಸಿ ವಾಪಸ್ ಕೊಡುತ್ತಿದ್ದಳು.

ಅವತ್ತು ಅವರು ಹೆಗಲ ಮೇಲಿನ ಆ ಟವೆಲ್ಲನ್ನು ತೆಗೆದು, ಎಲ್ಲರೆದುರು ಚನ್ನವೀರನಿಗೆ ಹೊದಿಸಿದರು.

"ತಗೋ ತಮ್ಮಾ. ನಮ್ಮಪ್ಪನ ಕಾಲದಿಂದ ಈ ಹೆಗಲ ಮ್ಯಾಲ ಒಂದು ಟವೆಲ್ ಅದ. ಇನ್ನ ಇದರ ಕೆಲಸ ನಿನ್ನ ಸಾಫ್ಟ್‌ವೇರ್ ಮಾಡ್ತದ."

ಎದುರಿಗಿದ್ದ ವೆಂಕಣ್ಣ ಚಪ್ಪಾಳೆ ತಟ್ಟಿದ. "ನಿನ್ನ ಹೆಗಲು ಬೋಳಾತಲ್ಲೋ ಈರ್ಯಾ!"

"ನಿನ್ನ ತಲಿಗಿಂತ ಚಲೋ ಅದ ಬಿಡಲೇ ವೆಂಕ್ಯಾ."

ಆ ನಗುವಿನಲ್ಲಿ ಚನ್ನವೀರ ಏನಾದರೂ ಹೇಳಬೇಕಿತ್ತು. ಹೆಮ್ಮೆಯಿಂದ ಹೆಗಲ ಮೇಲಿನ ಟವೆಲ್ಲಿನ ಅಂಚು ಸರಿಪಡಿಸಿಕೊಂಡ.

ಆಮೇಲೆ ದೇವದುರ್ಗದಲ್ಲಿ ಸೋರಿಕೆ ನಿಂತಿತು. ಮಾನ್ವಿಯಲ್ಲಿ ನಿಂತಿತು. ರಾಯಚೂರಿನಲ್ಲಿ ಮತ್ತೆ ಶುರುವಾಯಿತು. ಒಳ್ಳೇ ಹತ್ತಿಯ ರಾಶಿಗಳೇ ಆರಿಸಿದಂತೆ ಕೈತಪ್ಪಿದವು, ಅದೇ ಕೂದಲೆಳೆಯ ಅಂತರದಲ್ಲಿ. ಚನ್ನವೀರ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿದ, ಮತ್ತೆ ಮತ್ತೆ ಪರೀಕ್ಷಿಸಿದ. ಸಾಫ್ಟ್‌ವೇರ್ ಬಂಡೆಯಂತೆ ನಿಂತಿತ್ತು. ಆಗ ಈರಯ್ಯನವರು ಅವನನ್ನು ಹಿಂದಿನ ಕೋಣೆಗೆ ಕರೆದಿದ್ದರು.

"ನೋಡು ಚನ್ನಾ, ಮೂರೂ ಕಡಿ ಒಂದ ಸಾಫ್ಟ್‌ವೇರ್. ಎರಡು ಕಡಿ ನಿಂತದ, ಇಲ್ಲಿ ಸೋರಾಕತ್ತದ. ಇಲ್ಲಿ ಬ್ಯಾರೆ ಇರೋದು ಏನು? ಕೀಬೋರ್ಡ್ ಮ್ಯಾಲಿನ ಕೈ."

ಚನ್ನವೀರ ಬಾಗಿಲು ಮುಂದಕ್ಕೆ ಎಳೆದ.

"ಆ ಹುಡಿಗಿ ನನಗ ಮಗಳಿದ್ದಂಗ. ಅದಕ್ಕ ನಿನ್ನ ಕೇಳಾಕತ್ತೀನಿ. ಸಾಫ್ಟ್‌ವೇರ್‌ದಾಗ ತಪ್ಪದ ಅಂದ್ರ ಹೇಳು, ಬ್ಯಾರೆದು ತರಸೂಣು. ತಪ್ಪಿಲ್ಲ ಅಂದ್ರ ಸೋಮವಾರದಿಂದ ಆಕಿಗಿ ಬರಬ್ಯಾಡ ಅಂತೀನಿ. ಶನಿವಾರ ಸಂಜಿತನ ವಿಚಾರ ಮಾಡು."

ಸಾಫ್ಟ್‌ವೇರ್ ಒಳ್ಳೆಯದಾದಷ್ಟೂ ತಹಸೀನ್ ಕೆಟ್ಟವಳಾಗುತ್ತಿದ್ದಳು. ತಾನು ಅಷ್ಟು ಮೆಚ್ಚಿದ ವಸ್ತುವೇ ಒಬ್ಬಳ ಕೊರಳಿಗೆ ಹೀಗೆ ಸುತ್ತಿಕೊಳ್ಳಬಹುದೆಂದು ಚನ್ನವೀರ ಕನಸಿನಲ್ಲೂ ಎಣಿಸಿರಲಿಲ್ಲ.

ಇವತ್ತು ಶನಿವಾರ.

ಅಂಗಡಿಗೆ ಬಂದಾಗ ತಹಸೀನ್ ಆಗಲೇ ಕೂತಿದ್ದಳು. ದಿನಾ ಮಾನ್ವಿಯಿಂದ ಬಸ್ಸಿಗೆ ಬರುವವಳು. ಅವಳ ಓಣಿಯಿಂದ ಮಾರುಕಟ್ಟೆಯ ಕೆಲಸಕ್ಕೆ ಬಂದ ಮೊದಲ ಹುಡುಗಿ. ತಾಯಿ ಕುಬ್ರಾ ಬೇಗಂ ನಾಲ್ಕು ಮಂದಿಯ ಮಾತು ಕೇಳಿಸಿಕೊಂಡೂ ಕಳಿಸಿದ್ದಳು. ದರ ಕದ್ದವಳೆಂಬ ಹೆಸರು ಹೊತ್ತು ಇಲ್ಲಿಂದ ಹೋದರೆ ರಾಯಚೂರಿನಲ್ಲಾಗಲಿ ಮಾನ್ವಿಯಲ್ಲಾಗಲಿ ಯಾವ ಅಂಗಡಿಯೂ ಅವಳನ್ನು ಹೊಸ್ತಿಲು ಹತ್ತಿಸುವುದಿಲ್ಲ. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು.

"ಅಣ್ಣಾ, ನಿಮ್ಮ ಸಾಫ್ಟ್‌ವೇರ್ ಖರೇನ ಅಷ್ಟು ಚಲೋ ಅದ ಏನ್ರಿ?"

"ಅದ."

"ಎಲ್ಲೂ ತೂತಿಲ್ಲ?"

"ನನಗ ಕಂಡಿಲ್ಲ."

"ಹಂಗಾದ್ರ ನನ್ನ ಕಥಿ ಮುಗೀತು ಅನ್ರಿ" ಎಂದು ಅವಳು ನಕ್ಕಳು. ನಕ್ಕು ಕೀಬೋರ್ಡಿನ ಮೇಲಿನ ಹತ್ತಿಯ ಧೂಳನ್ನು ಊದಿ ಒರೆಸಿದಳು, ದಿನಾ ಒರೆಸುವಷ್ಟೇ ಶ್ರದ್ಧೆಯಿಂದ. ಅಳಲಿಲ್ಲ, ಆಣೆ ಹಾಕಲಿಲ್ಲ. ಸಾಫ್ಟ್‌ವೇರ್‌ನಲ್ಲಿ ತಪ್ಪಿದೆ ಎಂದುಬಿಡಿ ಎಂದು ಕೇಳಲೂ ಇಲ್ಲ. ಚನ್ನವೀರನಿಗೆ ತನ್ನ ಮೌನ ಬರೀ ಅಂಜಿಕೆಯೆಂದೂ ಇವಳದು ಗಟ್ಟಿ ನೆಲವೆಂದೂ ಅನ್ನಿಸಿತು.

ಇಡೀ ದಿನ ಅಂಗಡಿಯಲ್ಲೇ ಕೂರಬೇಕೆಂದು ನಿಶ್ಚಯಿಸಿ ಅವನು ಮೂಲೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪು ತೆರೆದ. ಕಂಪ್ಯೂಟರನ್ನು ನೋಡಿಯಾಗಿತ್ತು. ಇನ್ನು ಮನುಷ್ಯರನ್ನು ನೋಡಬೇಕು. ವೆಂಕಣ್ಣ ಬಂದು ಈರಯ್ಯನವರ ಗಾದಿಗೆ ಎದುರಾಗಿ, ತನ್ನ ಮಾಮೂಲಿ ಜಾಗದಲ್ಲಿ ಕೂತು ಎಲೆಗೆ ಸುಣ್ಣ ಸವರಿದ. ಅವನು ಇದೇ ಟೆಂಡರಿನಲ್ಲಿ ಹೊರಗಿನ ಮಿಲ್ಲುಗಳಿಗೆ ಹತ್ತಿ ಕೊಡಿಸುವ ದಲಾಲಿ. ಪ್ರಾಯದಲ್ಲಿ ಈರಯ್ಯನವರೂ ಅವನೂ ಒಂದೇ ಟವೆಲ್ಲಿನ ಕೆಳಗೆ ಅದೆಷ್ಟು ವ್ಯಾಪಾರ ಕುದುರಿಸಿದ್ದರೋ.

"ಮೌನಸ್ವಾಮಿ ಇವತ್ತ ಇಲ್ಲೇ ಗದ್ದಿಗಿ ಹಾಕ್ಯಾನಲ್ಲೋ ಈರ್ಯಾ."

"ಇರಲಿ ಬಿಡು. ನಿನ್ನಂಗ ಬಾಯಿ ಹರಕ ಅಲ್ಲ ಅವ."

ಈರಯ್ಯನವರು ಯಾರ್ಡಿಗೆ ಹೋಗಿ ರಾಶಿಗಳನ್ನು ನೋಡಿ ಬಂದರು. ಗಾದಿಯ ಮೇಲೆ ಕೂತು ಕಣ್ಣು ಅರೆಮುಚ್ಚಿದರು. ತೊಡೆಯ ಮೇಲೆ ಅವರ ಎರಡು ಕೈಗಳು ಸೇರಿದವು. ಚನ್ನವೀರ ಇದನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ನೋಡಲು ಮೊದಲು ಟವೆಲ್ಲು ಬಿಡುತ್ತಿರಲಿಲ್ಲ. ಬಲಗೈ ಎಡಗೈಯ ಎರಡು ಬೆರಳು ಹಿಡಿಯಿತು, ಬಿಟ್ಟಿತು, ಮೂರು ಹಿಡಿಯಿತು, ಒಲ್ಲೆನೆಂಬಂತೆ ಕೊಸರಿಕೊಂಡಿತು, ಮತ್ತೆ ಬಂದು ಪಂಜವನ್ನು ಮೆಲ್ಲಗೆ ಅಮುಕಿತು. ಒಂದು ಕೈ ರೈತನಾಗಿ, ಇನ್ನೊಂದು ಕೈ ವ್ಯಾಪಾರಿಯಾಗಿ ಆಡುತ್ತಿದ್ದ ಆಟ. ಎಷ್ಟು ಚೆಂದ ಎಂದುಕೊಂಡ ಚನ್ನವೀರ. ಗೂಢಲಿಪಿ ಬರೆದವರು ಇದನ್ನು ಕಂಡಿದ್ದರೆ ಕೈಮುಗಿಯುತ್ತಿದ್ದರು.

ಬೆರಳುಗಳು ನಿಂತವು. ದರ ಹೊಳೆದಿತ್ತು. ಈರಯ್ಯನವರು ಪಾಟಿಗೆ ಕೈ ಚಾಚುವುದರೊಳಗೆ ವೆಂಕಣ್ಣ ಎದ್ದ.

"ಎಲಿ ಉಗುಳಿ ಬರ್ತೀನಿ."

ಈರಯ್ಯನವರು ಬಳಪ ಹುಡುಕುತ್ತಿದ್ದರು. ತಹಸೀನ್ ಇನ್ನೂ ದರ ಕಂಡಿರಲಿಲ್ಲ. ಬಾಗಿಲ ಆಚೆ ವೆಂಕಣ್ಣ ಉಗುಳುವ ಮೊದಲೇ ಫೋನು ಕಿವಿಗಿಟ್ಟುಕೊಂಡಿದ್ದ.

ಚನ್ನವೀರ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ಕಾಕತಾಳೀಯ ಇರಬಹುದು ಎಂದು ಕಾದ. ಎರಡನೆಯ ರಾಶಿಗೂ ಹಾಗೇ ಆಯಿತು. ಬೆರಳು ಆಡುವವರೆಗೆ ವೆಂಕಣ್ಣನ ಕಣ್ಣು ಅತ್ತಿತ್ತ ಅಲುಗಲಿಲ್ಲ, ಬಾಯಿ ಮಾತ್ರ ಏನೋ ಹಾಸ್ಯ ಮಾಡುತ್ತಲೇ ಇತ್ತು. ಬೆರಳು ನಿಂತ ಕೂಡಲೇ ಎಲೆಯ ರಸ ಬಾಯಿ ತುಂಬಿ ಬಂತು. ಮೂರನೆಯದು ಕಲ್ಲು ಮಣ್ಣಿನ ಕಳಪೆ ರಾಶಿ. ಅದಕ್ಕೆ ಅವನಿಗೆ ಉಗುಳು ಬರಲಿಲ್ಲ.

ಮೂರನೆಯ ಉತ್ತರ ಎದುರಿಗೇ ಕೂತಿತ್ತು. ಸಾಫ್ಟ್‌ವೇರ್‌ನಲ್ಲಿ ತಪ್ಪಿರಲಿಲ್ಲ, ತಹಸೀನಳಲ್ಲೂ ಇರಲಿಲ್ಲ. ಅಕ್ಷರ ಕೀಬೋರ್ಡನ್ನು ಮುಟ್ಟುವ ಮೊದಲೇ ತೊಡೆಯ ಮೇಲೆ ಬಯಲಾಗುತ್ತಿತ್ತು. ಟವೆಲ್ ತೆಗೆದವರು ಈರಯ್ಯನವರು. ತೆಗೆಯುವಂತೆ ಮಾಡಿದ್ದು ತನ್ನ ಹೊಗಳಿಕೆ.

ವೆಂಕಣ್ಣ ದ್ರೋಹ ಮಾಡಬೇಕೆಂದೇ ಬಂದು ಕೂತವನೇ? ಇರಲಾರದು. ಟವೆಲ್ ಇದ್ದಾಗಲೂ ದಿನಾ ಬರುತ್ತಿದ್ದ. ಜೀವಮಾನವಿಡೀ ಓದಿದ ಅಕ್ಷರಗಳು ಒಂದು ದಿನ ಕಣ್ಣೆದುರು ಬಿಚ್ಚಿಕೊಂಡರೆ, ಓದದೆ ಇರುವುದು ಎಷ್ಟು ಜನರಿಂದಾದೀತು? ಆದರೂ ಓದಿದ್ದು ಓದಿದ್ದೇ. ಅದರ ಬೆಲೆಯನ್ನು ತೆರಬೇಕಾಗಿ ಬಂದವಳು, ಕೀಬೋರ್ಡಿನ ಧೂಳು ಊದುತ್ತ ಕೂತ ಆ ಹುಡುಗಿ.

ಸಂಜೆ ವೆಂಕಣ್ಣ ಹೋದ ಮೇಲೆ ಈರಯ್ಯನವರೇ ಹಿಂದಿನ ಕೋಣೆಗೆ ಬಂದರು. ಹತ್ತಿಯ ಗಂಟಿನ ಮೇಲೆ ಕೂತರು.

"ಹೂಂ, ಹೇಳು. ತಪ್ಪದ ಏನು ಇಲ್ಲ?"

ಹೇಳಿಬಿಡಬಹುದಿತ್ತು. ನಿಮ್ಮ ಬೆರಳು, ನಿಮ್ಮ ಗೆಳೆಯ ಎಂದರೆ ಮುಗಿಯುತ್ತಿತ್ತು. ಈ ವಯಸ್ಸಿನಲ್ಲಿ ಈ ಮುದುಕರಿಗೆ ಉಳಿದ ಒಬ್ಬನೇ ಗೆಳೆಯ. ಉಳಿದ ಒಂದೇ ವಿದ್ಯೆ. ಒಂದು ವಾಕ್ಯಕ್ಕೆ ಎರಡೂ ಹೋಗುತ್ತಿದ್ದವು. ಇದು ಇವರ ಮುಂದೆ ಟವೆಲ್ಲಿಲ್ಲದೆ ಆಡುವ ಮಾತಲ್ಲ ಎಂದುಕೊಂಡ ಚನ್ನವೀರ. ಲ್ಯಾಪ್‌ಟಾಪಿಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ, ಮಡಚಿ, ಅವರ ತೊಡೆಯ ಮೇಲಿಟ್ಟ.

"ಸಾಫ್ಟ್‌ವೇರ್‌ದಾಗ ತಪ್ಪಿಲ್ರಿ ಸಾವ್ಕಾರ್ರ. ಆಕಿ ಕೈಯಾಗೂ ತಪ್ಪಿಲ್ಲ. ನಾ ಅದನ್ನ ಹೊಗಳುವಾಗ ಕೀಬೋರ್ಡ್ ಮುಚ್ಚತದ ಅಂದೆ. ಕೀಬೋರ್ಡ್ ಬಿಟ್ಟು ಬ್ಯಾರೆ ಏನೂ ಮುಚ್ಚಂಗಿಲ್ಲ ಅನ್ನೋದು ಹೇಳಲಿಲ್ಲ. ಇದು ನಿಮ್ಮ ತೊಡಿ ಮ್ಯಾಲಿರಲಿ. ಆಮ್ಯಾಲೂ ದರ ಸೋರಿದ್ರ ಆಕಿ ಒಬ್ಬಾಕಿನ್ನ ಕಳಸಬ್ಯಾಡ್ರಿ, ನನ್ನೂ ಕಳಸ್ರಿ."

ಈರಯ್ಯನವರು ಟವೆಲ್ಲನ್ನು ನೋಡಿದರು. ಕೆಂಪಂಚಿನ ಮೇಲೆ ಬೆರಳಾಡಿಸಿದರು. ಆ ಬೆರಳು ಒಂದು ಕಡೆ ಬಂದು ನಿಂತಿತು. ನಿಂತ ಬೆರಳನ್ನೇ ಅವರು ಬಹಳ ಹೊತ್ತು ನೋಡಿದರು, ತಮ್ಮದಲ್ಲವೆಂಬಂತೆ. ಹೊರಗೆ ಹಮಾಲರು ಹತ್ತಿ ಚೀಲ ಎಸೆಯುವ ಸದ್ದು.

"ಅಡ್ಡಿಯಿಲ್ಲ" ಎಂದಷ್ಟೇ ಅಂದು ಎದ್ದು ಹೋದರು. ಹೋಗುವಾಗ ಟವೆಲ್ಲು ಹೆಗಲ ಮೇಲಿತ್ತು.

ಮುಂದಿನ ಕೋಣೆಯಲ್ಲಿ ಅವರ ದನಿ ಕೇಳಿಸಿತು.

"ಸೋಮವಾರ ಜಲ್ದಿ ಬಾ ಬೇಟಿ. ಹತ್ತಿ ಭಾಳ ಬರೂದದ."

"ನಾ ಯಾವಾಗ ತಡಾ ಮಾಡೀನ್ರಿ ಸಾವ್ಕಾರ್ರ?" ಎಂದಳು ತಹಸೀನ್.

ಸೋಮವಾರ ವೆಂಕಣ್ಣ ಬಂದು ಕೂತಾಗ ಗಾದಿಯ ಮೇಲಿನವರ ತೊಡೆ ಮುಚ್ಚಿತ್ತು.

"ಏನೋ ಈರ್ಯಾ, ಮತ್ತ ಹಳೇ ಕಾಲ ಬಂತೇನು?"

"ಥಂಡಿ ಆಗಾಕತ್ತದಲೇ. ಬೆರಳು ಸೆಟೀತಾವು."

"ರಾಯಚೂರಾಗ ಥಂಡಿ! ಕಲ್ಲಿನ ಮ್ಯಾಲ ರೊಟ್ಟಿ ಸುಡಬಹುದು ಈ ಬಿಸಲಾಗ!"

"ವಯಸ್ಸಾದವ್ರಿಗೆ ಒಳಗಿಂದ ಥಂಡಿ ಬರ್ತದ, ವೆಂಕ್ಯಾ. ನಿನಗಿನ್ನ ಗೊತ್ತಾಗಿಲ್ಲ."

ವೆಂಕಣ್ಣ ಎಲೆ ಮಡಚಿ ಬಾಯಿಗಿಟ್ಟುಕೊಂಡ. ಟವೆಲ್ಲಿನ ಕೆಳಗೆ ಬೆರಳುಗಳು ಆಡಿದವು. ಬಟ್ಟೆ ಮಾತ್ರ ಅಲ್ಲಿ ಇಲ್ಲಿ ಉಸಿರಾಡಿದಂತೆ ಏರಿಳಿಯಿತು. ಈರಯ್ಯನವರು ಪಾಟಿ ಬರೆದರು. ತಹಸೀನ್ ಒಮ್ಮೆ ನೋಡಿ, ಟೈಪ್ ಮಾಡಿ, ಒರೆಸಿದಳು. ವೆಂಕಣ್ಣ ಬಾಯಿ ತುಂಬ ರಸ ಇಟ್ಟುಕೊಂಡು ಕೂತೇ ಇದ್ದ. ಕೊನೆಗೆ ನುಂಗಿದ. ಈರಯ್ಯನವರು ತಮ್ಮ ಚಹಾದ ಬಸಿಯನ್ನು ಅವನ ಕಡೆ ಸರಿಸಿದರು.

"ಕುಡಿಯಲೇ. ಆರಿ ಹೋಗ್ತದ."

ಅವತ್ತು ಒಳ್ಳೆಯ ರಾಶಿ ಈರಯ್ಯನವರದಾಯಿತು. ಮರುದಿನವೂ. ವೆಂಕಣ್ಣ ಚಹಾಕ್ಕೆ ಬರುವುದನ್ನು ಬಿಡಲಿಲ್ಲ. ಈರಯ್ಯನವರೂ ಅವನ ಜಾಗ ಬದಲಿಸಲಿಲ್ಲ. ಆ ವಾರ ಚನ್ನವೀರ ಸಾಫ್ಟ್‌ವೇರ್‌ನ ಬಗ್ಗೆ ಮೂರೂ ಅಂಗಡಿಯವರಿಗೆ ಮತ್ತೊಮ್ಮೆ ತಿಳಿಸಿ ಹೇಳಿದ. ಹೊಗಳಿಕೆಯ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದು ಎಲ್ಲಿಂದ ಎಲ್ಲಿಯವರೆಗೆ ಕಾಯುತ್ತದೆ ಎಂಬುದನ್ನು ಮಾತ್ರ ಈ ಸಲ ನಿಧಾನವಾಗಿ ಹೇಳಿದ.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಮಾನ್ವಿಯ ಬಸ್ಸಿಗೆ ಕಾಯುತ್ತ ನಿಂತ ತಹಸೀನ್ ಕೇಳಿದಳು.

"ಅಣ್ಣಾ, ಅವತ್ತ ಮೂಲ್ಯಾಗ ಕುಂತು ದಿನಪೂರ್ತಿ ಏನು ನೋಡಿದ್ರಿ?"

"ಸೆಟ್ಟಿಂಗ್ ಒಂದು ತಪ್ಪಿತ್ತವ್ವ. ಸರಿ ಮಾಡೀನಿ."

"ನೀವು ಸುಳ್ಳು ಹೇಳಾಕ ಬರದವ್ರು" ಎಂದು ನಕ್ಕು ಅವಳು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು. ಚನ್ನವೀರನೂ ಬೀಸಿದ.

ಟವೆಲ್ಲಿಲ್ಲದ ಬೆರಳುಗಳಿಂದ ವೆಂಕಣ್ಣ ದರ ಓದುವುದನ್ನು ತಾನು ಕಣ್ಣಾರೆ ಕಂಡಿದ್ದೆನೆಂದು ಚನ್ನವೀರ ಈರಯ್ಯನವರಿಗಾಗಲಿ, ಅವಳಿಗಾಗಲಿ, ವೆಂಕಣ್ಣನಿಗಾಗಲಿ ಎಂದೂ ಹೇಳಲಿಲ್ಲ.